ಬಾಗಿಲಲ್ಲಿ ನಿಂತು ಕೊಟ್ಟ ಮಾತು

ಬೇಸಿಗೆ ರಜೆ ಶುರುವಾದ ಮಾರನೆಯ ದಿನ ಹೇಮಲತಾ ಚಪ್ಪಲಿ ಬದಲಿಸುತ್ತಾಳೆ. ವರ್ಷವಿಡೀ ತರಗತಿಗೆ ಹಾಕಿಕೊಳ್ಳುವ ತೆಳು ಚಪ್ಪಲಿ ಪೀಣ್ಯದ ಗಲ್ಲಿಗಳಿಗೆ ಆಗುವುದಿಲ್ಲ. ಅಲ್ಲಿ ಲೇತ್ ಮಶೀನುಗಳಿಂದ ಉದುರಿದ ಕಬ್ಬಿಣದ ಸುರುಳಿ ಚೂರುಗಳು ಮಣ್ಣಿನಲ್ಲಿ ಸೇರಿಕೊಂಡಿರುತ್ತವೆ. ಬಿಸಿಲಿಗೆ ಹೊಳೆಯುತ್ತವೆ, ನೋಡಲು ಚೆಂದ. ಕಾಲಿಗೆ ಚುಚ್ಚಿದರೆ ವಾರಗಟ್ಟಲೆ ಕುಂಟಬೇಕು. ಹಾಗಾಗಿ ದಪ್ಪ ಅಟ್ಟೆಯ ಬೂಟು, ತಲೆಗೊಂದು ದುಪಟ್ಟಾ, ಹೆಗಲ ಚೀಲದಲ್ಲಿ ನೀರಿನ ಬಾಟಲಿ, ಶಾಲೆಯ ಪಾಂಪ್ಲೆಟ್ಟುಗಳ ಒಂದು ಕಟ್ಟು.

ಚಿಕ್ಕಬಾಣಾವರದ ಬಾಡಿಗೆ ಮನೆಯ ಅಕ್ಕಪಕ್ಕದವರು, "ನಿಮಗೇನ್ರೀ, ಟೀಚರು, ಎರಡು ತಿಂಗಳು ಆರಾಮು" ಅನ್ನುವುದುಂಟು. ಅವಳು ನಕ್ಕು ಸುಮ್ಮನಾಗುತ್ತಾಳೆ. ಈ ಕಡೆಯ ಖಾಸಗಿ ಶಾಲೆಗಳಲ್ಲಿ ರಜೆ ಇರುವುದು ಮಕ್ಕಳಿಗೆ. ಟೀಚರುಗಳಿಗೆ ಏಪ್ರಿಲ್, ಮೇ ಎಂದರೆ ಮನೆಮನೆ ತಿರುಗಿ ಹೊಸ ಮಕ್ಕಳನ್ನು ಸೇರಿಸುವ ಕಾಲ. ಒಬ್ಬೊಬ್ಬರಿಗೆ ಒಂದೊಂದು ಬೀದಿ, ಒಬ್ಬೊಬ್ಬರಿಂದ ಹದಿನೈದಾದರೂ ಅಡ್ಮಿಷನ್ನು. ಮಗಳು ಸಮನ್ವಿತಾಳನ್ನು ರಾಣೆಬೆನ್ನೂರಿನ ತವರಿಗೆ ಕಳಿಸಿ ಅವಳೊಬ್ಬಳೇ ಇಲ್ಲಿ ಉಳಿಯುತ್ತಾಳೆ. ಅವ್ವ ಕಮಲಮ್ಮ ಮಾಳಿಗೆಯ ಮೇಲೆ ಒಣಹಾಕಿದ ಸಂಡಿಗೆಯ ಫೋಟೋ ಕಳಿಸಿ, "ನೀ ಯಾವಾಗ ಬರ್ತಿಯವ್ವಾ" ಎಂದು ಕೇಳುತ್ತಾಳೆ. ಮೂರು ಬೇಸಿಗೆಯಿಂದ ಅದಕ್ಕೆ ಒಂದೇ ಉತ್ತರ, ಅಡ್ಮಿಷನ್ ಮುಗೀಲಿ.

ಪೀಣ್ಯದ ಖಾಸಗಿ ಶಾಲೆಯೊಂದರಲ್ಲಿ ಒಂದನೇ ತರಗತಿಯ ಟೀಚರಾಗಿ ಇದು ಅವಳ ಹನ್ನೊಂದನೆಯ ಬೇಸಿಗೆ. ಹೆಡ್‌ಮಿಸ್ ಸತ್ಯವತಿಯೂ ಅವಳೂ ಒಂದೇ ವರ್ಷ ಸೇರಿದವರು. ಹನ್ನೊಂದು ವರ್ಷ ಇಬ್ಬರೂ ಮಧ್ಯಾಹ್ನದ ಡಬ್ಬಿ ಹಂಚಿಕೊಂಡು ಉಂಡಿದ್ದರು. ಸತ್ಯವತಿಯ ಪುಳಿಯೋಗರೆ ಇವಳಿಗೆ, ಇವಳ ರೊಟ್ಟಿ ಶೇಂಗಾಚಟ್ನಿ ಅವಳಿಗೆ. ಸಮನ್ವಿತಾ ಹುಟ್ಟಿದಾಗ ಮೂರು ತಿಂಗಳು ಇವಳ ತರಗತಿಯನ್ನೂ ಸೇರಿಸಿ ನೋಡಿಕೊಂಡವಳು ಸತ್ಯವತಿಯೇ.

ಏಪ್ರಿಲ್ ಹನ್ನೆರಡರಂದು, ಬೀದಿಗಳನ್ನು ಹಂಚಿದ ಮೇಲೆ, ಸತ್ಯವತಿ ಅವಳನ್ನು ಪಕ್ಕಕ್ಕೆ ಕರೆದಳು.

"ಪಾಂಪ್ಲೆಟ್ ಯಾರೂ ಓದಲ್ಲ ಕಣೆ ಹೇಮಾ. ನಿನ್ನ ಮುಖ ನೋಡಿ ಮಕ್ಕಳನ್ನ ಕಳಿಸ್ತಾರೆ. ಒಂದನೇ ಕ್ಲಾಸಿಗೆ ನಾನೇ ಇರ್ತೀನಿ ಅಂತ ಹೇಳ್ಬಿಡು, ಸಾಕು."

"ನಾನೇ ತಾನೆ ಸತ್ಯಕ್ಕ ಇರೋದು?"

ಸತ್ಯವತಿ ಡಬ್ಬಿಯ ಮುಚ್ಚಳ ತೆಗೆಯುತ್ತ, "ಇನ್ಯಾರು ಇರ್ತಾರೆ" ಎಂದಳು.

ಹೇಮಲತಾಳ ಪಾಲಿಗೆ ಬಂದ ಬೀದಿಯಲ್ಲಿ ಗಾರ್ಮೆಂಟ್ಸಿಗೆ ಹೋಗುವ ಹೆಂಗಸರೇ ಹೆಚ್ಚು. ಒಂದು ಕೋಣೆಯ ಮನೆಗಳು, ಒಂದರ ಗೋಡೆಗೆ ಇನ್ನೊಂದರ ಬೆನ್ನು. ಹಿಂದಿನ ಶೆಡ್ಡಿನ ಪವರ್ ಪ್ರೆಸ್ಸು ಬಡಿದಾಗಲೆಲ್ಲ ಗೋಡೆಯ ಸ್ಟ್ಯಾಂಡಿನ ತಟ್ಟೆಗಳು ಅದುರುತ್ತವೆ. ಆ ಬೀದಿಯ ಐದನೆಯ ಮನೆಯಲ್ಲಿ ಭದ್ರಮ್ಮ ಇದ್ದಳು. ದೇವದುರ್ಗದ ಕಡೆಯವಳು. ಅವಳ ಆರು ವರ್ಷದ ಮಗಳು ಅಂಬಿಕಾ ಮನೆಯ ಹೊರಗೆ ಮಾತೇ ಆಡುತ್ತಿರಲಿಲ್ಲ. ಅಂಗನವಾಡಿಯಲ್ಲಿ ಇಡೀ ವರ್ಷ ಒಂದು ಮಾತಿಲ್ಲ.

"ಸರಕಾರಿ ಸಾಲ್ಯಾಗ ಅನುಸೂಯಮ್ಮ ಟೀಚರು ಹೆಸರು ಬರಕೊಂಡಾರ್ರಿ," ಎಂದಳು ಭದ್ರಮ್ಮ. "ನಿಧಾನಕ ಮಾತಾಡ್ತಾಳ, ತಾಳ್ಕೋ ಅಂದಾರ. ನಮಗ ಅಲ್ಲೇ ಬೇಷಾತು."

ಅಂಬಿಕಾ ಹೊಸ್ತಿಲ ಪಕ್ಕ ಕೂತು, ತಾಯಿ ಫ್ಯಾಕ್ಟರಿಯಿಂದ ತಂದ ಗುಂಡಿಗಳನ್ನು ಬಣ್ಣದ ಪ್ರಕಾರ ಗುಂಪು ಮಾಡುತ್ತಿದ್ದಳು. ಹೇಮಲತಾ ಏನೂ ಮಾತಾಡದೆ ಪಕ್ಕದಲ್ಲಿ ಕೂತಳು. ತಾನೂ ಒಂದೊಂದೇ ಗುಂಡಿ ಎತ್ತಿ ಜೋಡಿಸಿದಳು. ಹತ್ತು ನಿಮಿಷದ ಮೇಲೆ, ಬೇಕೆಂದೇ, ಕೆಂಪು ಗುಂಡಿಯೊಂದನ್ನು ನೀಲಿಯ ಗುಂಪಿಗೆ ಹಾಕಿದಳು. ಮಾತಾಡು ಎಂದರೆ ಮುಚ್ಚಿಕೊಳ್ಳುವ ಬಾಯಿ, ದೊಡ್ಡವರ ತಪ್ಪು ಕಂಡರೆ ತೆರೆಯುತ್ತದೆ ಎಂಬುದು ಹನ್ನೊಂದು ವರ್ಷ ಒಂದನೇ ತರಗತಿ ಅವಳಿಗೆ ಕಲಿಸಿದ ವಿದ್ಯೆ.

"ಅದು ಅಲ್ಲಿ ಅಲ್ಲ," ಎಂದಿತು ಮಗು.

ಭದ್ರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಕೇಳಿದಳು, "ನೀವು ನಮ್ ಕಡೆಯವರೇನ್ರಿ?"

"ರಾಣೆಬೆನ್ನೂರ್ರಿ."

"ನೀವಾ ಇರ್ತೀರೇನು ಕ್ಲಾಸಿನ್ಯಾಗ?"

"ನಾನಾ ಇರ್ತೀನ್ರಿ. ನನ್ನ ಬಾಜೂಕನ ಕೂಡಿಸ್ಕೋತೀನಿ." ಇಲ್ಲಿಗೆ ನಿಲ್ಲಿಸಬಹುದಾಗಿತ್ತು. ಆದರೆ ಮುಂದುವರಿಸಿದಳು: "ಸರಕಾರಿ ಸಾಲ್ಯಾಗ ಒಬ್ಬ ಟೀಚರಿಗೆ ಮೂರು ಕ್ಲಾಸು. ಇಂಥಾ ಕೂಸಿನ್ನ ಯಾರು ನೋಡ್ಬೇಕು ಹೇಳ್ರಿ."

ಭದ್ರಮ್ಮ ಮರುವಾರವೇ ಅನುಸೂಯಮ್ಮನವರ ಹತ್ತಿರ ಹೋಗಿ ಮಗಳ ಹೆಸರು ತೆಗೆಸಿ ಬಂದಳು. ಹೀಗೆ ಮೇ ಮುಗಿಯುವ ಹೊತ್ತಿಗೆ ಆ ಬೀದಿಯಿಂದ ಹದಿನೆಂಟು ಮಕ್ಕಳಾದವು, ಶಾಲೆಯಲ್ಲೇ ಎಲ್ಲರಿಗಿಂತ ಹೆಚ್ಚು. ಪ್ರತಿ ಬಾಗಿಲಲ್ಲೂ ಅವಳು ಆ ಒಂದು ಮಾತು ಹೇಳಿದ್ದಳು. ಹೇಳುವಾಗ ಅದು ನಿಜವೆಂದೇ ನಂಬಿದ್ದಳು.

ಬುಧವಾರ ಶಾಲೆ ಶುರು ಎನ್ನುವಾಗ, ಅದರ ಹಿಂದಿನ ಶುಕ್ರವಾರ, ಟೀಚರುಗಳೆಲ್ಲ ಸೇರಿದಾಗ ಗುಮಾಸ್ತೆ ಅವಳ ಕೈಗೊಂದು ಲಕೋಟೆ ಕೊಟ್ಟಳು. ಅತ್ತಿಬೆಲೆ ಶಾಖೆಗೆ ವರ್ಗ. ಚಿಕ್ಕಬಾಣಾವರದಿಂದ ಅತ್ತಿಬೆಲೆಗೆ ಊರನ್ನೇ ಅಡ್ಡ ಹಾಯಬೇಕು. ಹೋಗಲು ಎರಡೂವರೆ ಗಂಟೆ, ಬರಲು ಇನ್ನೂ ಹೆಚ್ಚು. ಹಳೆಯ ಟೀಚರುಗಳನ್ನು ತೆಗೆಯಬೇಕಾದಾಗ ಶಾಲೆ ಹೀಗೇ ಮಾಡುತ್ತಿತ್ತು. ಹೋಗು ಎನ್ನುತ್ತಿರಲಿಲ್ಲ, ಅವರೇ ಬಿಡುವಷ್ಟು ದೂರಕ್ಕೆ ಹಾಕುತ್ತಿತ್ತು. ಒಂದನೇ ತರಗತಿಗೆ ಆಗಲೇ ಹೊಸಬಳೊಬ್ಬಳು ಬಂದಿದ್ದಳು. ಇಪ್ಪತ್ತೆರಡರ, ನಗುಮುಖದ, ಕನ್ನಡ ಬಾರದ ಹುಡುಗಿ.

ಹೇಮಲತಾ ಕಾಗದವನ್ನು ಎರಡು ಸಲ ಓದಿದಳು. ಎರಡನೆಯ ಸಲ ಕಣ್ಣು ನಿಂತದ್ದು ತಾರೀಕಿನ ಮೇಲೆ. ಮಾರ್ಚ್ ಇಪ್ಪತ್ತೇಳು. ಕೆಳಗೆ ಸತ್ಯವತಿಯ ಸಹಿ. ಅವಳು ಎದ್ದು ಹೆಡ್‌ಮಿಸ್ ಕೋಣೆಗೆ ಹೋದಳು.

"ಮೇಲಿನವರು ಬರೆದ್ರು, ನಾನು ಸೈನ್ ಹಾಕ್ದೆ. ನನ್ನ ಕೈಲಿ ಏನಿತ್ತು ಹೇಮಾ," ಎಂದಳು ಸತ್ಯವತಿ, ಇವಳು ಬಾಯಿ ತೆರೆಯುವ ಮೊದಲೇ.

"ಸೈನ್ ಮಾಡಿದ್ದು ಮಾರ್ಚಲ್ಲಿ. ನೀವು ನನ್ನನ್ನ ಬೀದಿಗೆ ಕಳಿಸಿದ್ದು ಏಪ್ರಿಲಲ್ಲಿ, ಮೇಡಂ."

ಇಬ್ಬರೇ ಇದ್ದಾಗ ಅವಳು ಮೇಡಂ ಅಂದದ್ದು ಅದೇ ಮೊದಲು. ಸತ್ಯವತಿ ಮೇಜಿನ ಮೇಲಿದ್ದ ಫೈಲುಗಳನ್ನು ಒಂದರ ಮೇಲೊಂದು ಜೋಡಿಸಿದಳು.

"ಮೊದಲೇ ಹೇಳಿದ್ರೆ ನೀನು ಹೋಗ್ತಿದ್ಯಾ?"

ಆ ಪ್ರಶ್ನೆಯಲ್ಲಿ ವ್ಯಂಗ್ಯವಿರಲಿಲ್ಲ, ನಾಚಿಕೆಯೂ ಇರಲಿಲ್ಲ. ಸಾಂಬಾರಿಗೆ ಉಪ್ಪು ಸಾಕಾ ಎಂದು ಕೇಳಿದ ಹಾಗಿತ್ತು. ಹೇಮಲತಾ ಲಕೋಟೆಯನ್ನು ಚೀಲಕ್ಕೆ ಹಾಕಿಕೊಂಡಳು. ಹೊರಗೆ ಬಂದು ಬಸ್ಸಿಗೆ ನಿಂತಾಗ, ಅತ್ತಿಬೆಲೆಯಾಗಲಿ ಕೆಲಸವಾಗಲಿ ಅವಳ ಮನಸ್ಸಿಗೆ ಬರಲಿಲ್ಲ. ತನ್ನ ಪಕ್ಕ ಕೂರಿಸಿಕೊಳ್ಳುತ್ತೇನೆಂದ ಮಗು ಬುಧವಾರ ಬೆಳಗ್ಗೆ ಆ ತರಗತಿಯಲ್ಲಿ ಯಾರ ಮುಖ ನೋಡುತ್ತದೆ ಎಂಬುದೊಂದೇ ಬಂತು.

ಭಾನುವಾರ ಭದ್ರಮ್ಮ ಮನೆಯಲ್ಲಿದ್ದಳು. ಬಾಗಿಲ ಹಿಂದಿನ ಮೊಳೆಗೆ ಹೊಸ ಯೂನಿಫಾರಂ ತೂಗುತ್ತಿತ್ತು. ಅವಳೇ ಹೊಲಿದದ್ದು, ಲಂಗದ ಅಂಚಿನಲ್ಲಿ ಮುಂದಿನ ಎರಡು ವರ್ಷಕ್ಕಾಗುವಷ್ಟು ಬಟ್ಟೆ ಮಡಿಸಿ ಬಿಟ್ಟಿದ್ದಳು. "ಬರ್ರಿ ಮೇಡಂ, ಅಂಬಿ ಅಂಗಡಿಗೆ ಹೋಗ್ಯಾಳ ಅವರಪ್ಪನ ಜೋಡಿ," ಎಂದು ಚಾಪೆ ಹಾಸಿದಳು.

ಹೇಮಲತಾ ಕೂರಲಿಲ್ಲ. "ನಾ ಆ ಕ್ಲಾಸಿನ್ಯಾಗ ಇರಂಗಿಲ್ರಿ. ನನ್ನ ಬ್ಯಾರೆ ಕಡೆ ಹಾಕ್ಯಾರ. ಅಂಬಿನ್ನ ಅನುಸೂಯಮ್ಮ ಟೀಚರ ಹತ್ರ ಕಳಸ್ರಿ. ಇನ್ನೂ ತಗೋತಾರ."

ಭದ್ರಮ್ಮ ಅವಳ ಹೆಗಲ ಚೀಲ ನೋಡಿದಳು. ಆಮೇಲೆ ನಿಧಾನವಾಗಿ ಕೇಳಿದಳು:

"ಈಗ ಯಾವ ಸಾಲಿಯಿಂದ ಬಂದೀರಿ?"

"ಯಾವ ಸಾಲಿಯಿಂದಾನೂ ಅಲ್ರಿ. ಸುಮ್ನ ನಿಮಗ ಹೇಳಾಕ ಬಂದೆ."

"ಸುಮ್ನ ಯಾರ್ ಬರ್ತಾರ್ರಿ ನಮ್ ಬಾಗಿಲಿಗೆ?" ಭದ್ರಮ್ಮನ ದನಿ ಏರಲಿಲ್ಲ. "ಹ್ವಾದ ವಾರ ಇನ್ನೊಬ್ಬಾಕಿ ಬಂದಿದ್ಲು, ನಿಮ್ಹಂಗ ಚೀಲ ಹಾಕ್ಕೊಂಡು. ಆ ಸಾಲಿ ಛಲೋ ಇಲ್ಲ, ನಮ್ಮಲ್ಲಿ ಕಳಸ್ರಿ ಅಂದ್ಲು. ಇಲ್ಲವಾ, ನಮ್ ಕಡೆ ಮೇಡಂ ಒಬ್ರು ಮಾತು ಕೊಟ್ಟಾರ ಅಂದು ಕಳಿಸೀನಿ. ಅನುಸೂಯಮ್ಮ ಟೀಚರು, ಯಾಕ ಬಿಡಿಸ್ತಿ ಅಂತ ಎಷ್ಟ್ ಕೇಳಿದ್ರು. ನಿಮ್ಮ ಹೆಸರಾ ಹೇಳಿ ಬಂದೀನಿ."

ನನಗೂ ಮೋಸ ಆಗೇದ್ರಿ ಎಂಬ ಮಾತು ಹೇಮಲತಾಳ ನಾಲಿಗೆಯ ತುದಿಗೆ ಬಂತು. ಆದರೆ ಭದ್ರಮ್ಮ ಸತ್ಯವತಿಯನ್ನು ಕಂಡವಳಲ್ಲ, ಮಾರ್ಚಿನ ಕಾಗದವನ್ನು ಕಂಡವಳಲ್ಲ. ಈ ಬಾಗಿಲಿಗೆ ಬಂದು ಮಾತು ಕೊಟ್ಟವಳು ತಾನೊಬ್ಬಳೇ.

"ನಾಳಿ ನಾನೂ ಬರ್ತೀನ್ರಿ ನಿಮ್ಮ ಜೋಡಿ. ಟೀಚರಿಗೆ ನಾನಾ ಹೇಳ್ತೀನಿ, ತಪ್ಪು ನಂದು ಅಂತ."

"ಬ್ಯಾಡ್ರಿ. ನಿಮ್ಮನ್ನ ಕರಕೊಂಡು ಹ್ವಾದ್ರ ಅವರೇನು ತಿಳಕೋಬೇಕು. ನಾ ಹೋಗ್ತೀನಿ. ತಗೊಂಡ್ರ ತಗೊಂಡ್ರು." ಭದ್ರಮ್ಮ ಹಾಸಿದ ಚಾಪೆಯನ್ನು ಸುತ್ತತೊಡಗಿದಳು. ಅದು ಹೋಗಿ ಬನ್ನಿ ಎಂದ ಹಾಗೆ.

ಹೇಮಲತಾ ಬೀದಿಗಿಳಿದಳು. ಭಾನುವಾರವಾದ್ದರಿಂದ ಪ್ರೆಸ್ಸು ನಿಂತಿತ್ತು. ಇನ್ನೂ ಹದಿನೇಳು ಮನೆಗಳಿದ್ದವು. ಎದುರು ಮನೆಯ ಮುತ್ತಣ್ಣ ಜಗಲಿಯ ಮೇಲೆ ಕೂತು ಮಗನ ಹೊಸ ಪುಸ್ತಕಗಳಿಗೆ ಬೈಂಡು ಹಾಕುತ್ತಿದ್ದ. ಅವಳನ್ನು ಕಂಡು ಕತ್ತರಿ ಕೆಳಗಿಟ್ಟು ಎದ್ದು ನಿಂತ.

"ಬನ್ನಿ ಮೇಡಂ, ನಿಮ್ಮ ಮಾತೇ ಆಡ್ತಿದ್ವಿ. ಬುಧವಾರ ಎಷ್ಟು ಗಂಟೆಗೆ ಕರ್ಕೊಂಡ್ ಬರ್ಲಿ?"