ಒಂದು ಕೀಲಿಗೆ ಒಂದೇ ಸಹಿ

ನಮ್ಮ ಸರ್ ಅವರ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿ ಎರಡಾಗಿತ್ತು. ಹುಡುಗನಾಗಿದ್ದಾಗ ಅಪ್ಪನ ಜೊತೆ ಕಟ್ಟಡದ ಕೆಲಸಕ್ಕೆ ಹೋಗಿ ಇಟ್ಟಿಗೆಯಡಿ ಸಿಕ್ಕಿಸಿಕೊಂಡದ್ದಂತೆ. ವಿಜಯಪುರದ ಕಡೆಯ ಕೂಲಿ ಕುಟುಂಬ, ಬೈಕುಲ್ಲಾದ ಚಾಳಿನಲ್ಲಿ ಬೆಳೆದವರು. ಆ ಬೆರಳಿನಲ್ಲಿ ಕೆಂಪು ಪೆನ್ನು ಒತ್ತಿ ಹಿಡಿದು ರಿಜಿಸ್ಟರಿನ ನಂಬರುಗಳ ಮೇಲೆ ಗೆರೆ ಎಳೆಯುತ್ತ ಕೂತಿರುತ್ತಿದ್ದರು. ಪವಾಯಿಯ ಗಾಜಿನ ಬಿಲ್ಡಿಂಗಿನಲ್ಲಿ, ಜನರ ಕ್ರಿಪ್ಟೋ ನಾಣ್ಯ ಕಾಯುವ ಕಂಪನಿಯೊಳಗೆ, ಕಾಗದದ ರಿಜಿಸ್ಟರ್! ಹೊಸದಾಗಿ ಸೇರಿದ್ದ ನನಗೆ ನಗು ತಡೆಯಲಾಗುತ್ತಿರಲಿಲ್ಲ.

ಆ ನಾಣ್ಯ ಯಾರದ್ದು ಅಂದರೆ, ಅದಕ್ಕೆ ಡಿಜಿಟಲ್ ಸಹಿ ಹಾಕಬಲ್ಲವರದ್ದು. ಈಗ ಎಲ್ಲೆಡೆ ನಡೆಯುವ ಸಹಿಯನ್ನು ನಾಳೆ ಬರುವ ಕ್ವಾಂಟಮ್ ಕಂಪ್ಯೂಟರ್ ನಕಲು ಮಾಡೀತು ಎಂಬ ಭಯಕ್ಕೆ ನಮ್ಮವರು ಹ್ಯಾಶ್ ಸಹಿಗೆ ಬದಲಾಗಿದ್ದರು. ಅದನ್ನು ಕಟ್ಟಿದವರು ಸರ್. ಹ್ಯಾಶ್ ಎಂದರೇನೆಂದು ನಾನು ಪುಸ್ತಕದ ಭಾಷೆಯಲ್ಲಿ ಒದರಿದಾಗ ಕೈ ಅಡ್ಡ ಮಾಡಿದರು.

“ಗಿರಣ್ಯಾಗ ಜೋಳಾ ಹಾಕಿದ್ರ ಹಿಟ್ಟ ಬರ್ತದ. ಹಿಟ್ಟಿನಿಂದ ಜೋಳಾ ತಗದ ತೋರಸು ನೋಡೂನು. ಕ್ವಾಂಟಮ್ ಬರ್ಲಿ, ಅವರಪ್ಪ ಬರ್ಲಿ, ಆಗಂಗಿಲ್ಲ ಮಾರಾಯಾ.”

ನಾನು ಉಡುಪಿಯವನೆಂದು ‘ಮಾರಾಯಾ’ ಸೇರಿಸುವುದು ಅವರ ತಮಾಷೆ.

ಆದರೆ ಈ ಸಹಿಗೊಂದು ಕಟ್ಟುನಿಟ್ಟಿದೆ. ಸಹಿ ಹಾಕಲು ಬೇಕಾದ ಗುಪ್ತ ಸಂಖ್ಯೆಗೆ ಕೀಲಿ ಎನ್ನುತ್ತಾರೆ; ಒಂದು ಕೀಲಿಯಿಂದ ಒಂದೇ ಸಹಿ. ಸಹಿ ಹಾಕಿದಾಗಲೆಲ್ಲ ಕೀಲಿಯ ಗುಟ್ಟು ಅಷ್ಟಿಷ್ಟು ಹೊರಬೀಳುತ್ತದೆ. ಅದೇ ಕೀಲಿಯಿಂದ ಇನ್ನೊಂದು ಸಹಿ ಬಿತ್ತೋ, ಎರಡನ್ನೂ ಜೋಡಿಸಿ ಕಳ್ಳ ಮೂರನೆಯದನ್ನು ತಾನೇ ಹಾಕಬಲ್ಲ. ಹಾಗಾಗಿ ಪ್ರತಿ ಕೀಲಿಗೂ ನಂಬರು. ಯಾವ ನಂಬರು ಮುಗಿಯಿತೆಂದು ಕಂಪ್ಯೂಟರೂ ನೆನಪಿಟ್ಟುಕೊಳ್ಳುತ್ತದೆ. ಸರ್ ಅದನ್ನು ನಂಬುತ್ತಿರಲಿಲ್ಲ. “ಮಷೀನ್ ಸತ್ತು ಎದ್ದರ ಹಳೇದ ನೆನಪಿರ್ತದ ಅದಕ್ಕ. ರಿಜಿಸ್ಟರ್ ನೋಡು. ಮೊದಲ ನಂಬರ್ ಹೊಡಿ, ಆಮ್ಯಾಲ ಸಹಿ” ಎಂದು ದಿನಾ ಹೇಳುತ್ತಿದ್ದರು.

ಮಗಳ ಕಾಲೇಜಿನ ಅಡ್ಮಿಷನ್‌ಗೆಂದು ಅವರು ರಜೆ ಹಾಕಿದ ದಿನ ಮಧ್ಯಾಹ್ನ ಮಷೀನ್ ಸತ್ತಿತು. ಗಿರಾಕಿಗಳ ಫೋನು ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿತ್ತು. ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ತೆಗೆದಿಟ್ಟ ಬ್ಯಾಕಪ್ ನಕಲನ್ನು ಏರಿಸಿದೆ, ಹತ್ತು ನಿಮಿಷದಲ್ಲಿ ಎಲ್ಲ ಸರಿಹೋಯಿತು, ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಗಡಿಬಿಡಿಯಲ್ಲಿ ಮೂರು ಸಹಿ ಹಾಕಿ, ಆಮೇಲೆ ನಂಬರು ಹೊಡೆಯಲು ರಿಜಿಸ್ಟರ್ ತೆರೆದರೆ, ಆ ಮೂರರ ಮೇಲೂ ಆಗಲೇ ಕೆಂಪು ಗೆರೆ. ಬ್ಯಾಕಪ್ ಆದ ಮೇಲೆ ಸಹಿ ಹಾಕುವಾಗ ಬೆಳಿಗ್ಗೆ ನಾನೇ ಎಳೆದದ್ದು. ಅಯ್ಯೋ ದೇವರೇ!

ಫೋನು ಮಾಡಿದೆ. ಸರ್ ಬೈಯಲಿಲ್ಲ. ಅಡ್ಮಿಷನ್ ಮುಗಿಸಿ, ಮಗಳನ್ನು ದಹಿಸರ್‌ನ ಮನೆಗೆ ಬಿಟ್ಟು ಸಂಜೆ ಓಡಿ ಬಂದರು. ಇಬ್ಬರೂ ಕೂತು ಎಲ್ಲ ನಾಣ್ಯವನ್ನೂ ಹೊಸ ಕೀಲಿಗಳಿಗೆ ಸಾಗಿಸಿದೆವು. ಒಂದೂ ಕಳುವಾಗಲಿಲ್ಲ. ಆದರೆ ಈ ನಾಣ್ಯದ ಲೆಕ್ಕ ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ತೆರೆದಿರುತ್ತದೆ; ಒಂದೇ ಕೀಲಿಯಿಂದ ಎರಡೆರಡು ಸಲ ಬಿದ್ದ ಸಹಿಗಳು ಯಾರು ಬೇಕಾದರೂ ನೋಡುವಂತೆ ಬಯಲಲ್ಲೇ ಇದ್ದವು, ಗಿರಾಕಿಗಳು ನೋಡಿಯೂ ಬಿಟ್ಟರು. ಮರುದಿನ ಮಾಲೀಕರು ಕೂಗಾಡಿದಾಗ ನಾನು ಬಾಯಿ ತೆರೆಯುವ ಮೊದಲೇ ಸರ್ ಅಂದರು, “ಬ್ಯಾಕಪ್ ಮನಿಯಿಂದ ನಾನ ಏರಿಸೀನ್ರಿ.”

ನಾನು ತಲೆ ತಗ್ಗಿಸಿ ನಿಂತೆ. ಅಷ್ಟೇ ಮಾಡಿದ್ದು.

ಆಮೇಲೆ ಮೆಟ್ಟಿಲ ಹತ್ತಿರ ತಡೆದು, “ಎಂತಕ್ಕೆ ಸರ್ ಹಾಗೆ ಹೇಳಿದ್ದು?” ಎಂದು ಕೇಳಿದೆ. “ನೀ ಇನ್ನೂ ಪ್ರೊಬೇಷನ್‌ದಾಗ ಇದ್ದಿ. ಈ ಹೆಸರ ಹತ್ತಿದ್ರ ಈ ಧಂದೆದಾಗ ಯಾರೂ ನಿನ್ನ ಕರಿಯಂಗಿಲ್ಲ. ನನಗ ಏನಾಗ್ತದ? ಹಳೇ ಮನಷ್ಯಾ, ಬೈದು ಬಿಡ್ತಾರ” ಅಂದರು. ಬೈದು ಬಿಡಲಿಲ್ಲ. ಆ ವಾರವೇ ಕೆಲಸದಿಂದ ತೆಗೆದರು. ಕೀಲಿಯನ್ನು ಎರಡು ಸಲ ಬಳಸಿದವನೆಂದರೆ ನಮ್ಮ ಕಸುಬಿನಲ್ಲಿ ಅದಕ್ಕಿಂತ ಹೀನಾಯವಿಲ್ಲ, ಬೇರೆಯವರೂ ಹತ್ತಿರ ಸೇರಿಸಲಿಲ್ಲ. ದಹಿಸರ್‌ನಲ್ಲಿ ಹತ್ತನೇ ಕ್ಲಾಸಿನ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳಿಕೊಂಡಿದ್ದರು. ನನ್ನ ಕೆಲಸ ಕಾಯಂ ಆಯಿತು, ಅವರ ಕುರ್ಚಿಯೂ ನನಗೇ ಬಂತು. ಹಬ್ಬಕ್ಕೆ ಮೆಸೇಜು ಕಳಿಸುತ್ತಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು.

ಹೋದ ವರ್ಷ ಹಾರ್ಟ್ ಅಟ್ಯಾಕ್ ಆಗಿ ಹೋಗಿಬಿಟ್ಟರು. ಮನೆಗೆ ಹೋದಾಗ ಮಗಳು ಚಹಾ ಕೊಟ್ಟು ಎದುರಿಗೆ ಕೂತಳು.

“ಅಂಕಲ್, ಆ ದಿನ ಪಪ್ಪಾ ಪೂರಾ ದಿನ ನನ್ನ ಸಾಥ್ ಇದ್ರು. ಕಾಲೇಜ್ ಲೈನ್‌ದಾಗ. ಲ್ಯಾಪ್‌ಟಾಪ್ ಘರ್ ಪೇ ಥಾ. ಫಿರ್ ವೋ ಗಲತಿ ಕೈಸೇ ಹುಯಿ?” ಲ್ಯಾಪ್‌ಟಾಪ್ ಮನೆಯಲ್ಲೇ ಇತ್ತು, ಮತ್ತೆ ಆ ತಪ್ಪು ಹೇಗಾಯಿತು ಎಂಬುದು ಅವಳ ಪ್ರಶ್ನೆ.

“ಫೋನ್ ಸೇ ಕಿಯಾ ಹೋಗಾ” ಅಂದೆ. ಫೋನಿನಿಂದ ಮಾಡಿರಬೇಕು ಅಂದೆ. ಅವಳು ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು.

ಅಂದಿನಿಂದ ನಿದ್ದೆ ಸರಿಯಿಲ್ಲ. ತಪ್ಪು ನನ್ನದು, ಅವರದಲ್ಲ ಎಂದು ಈಗ ಬರೆದಿದ್ದೇನೆ. ಬರೆಯುವ ಧೈರ್ಯ ಎಲ್ಲಿಂದ ಬಂತೆಂದೂ ಹೇಳಿಬಿಡುತ್ತೇನೆ. ಆ ಹುಡುಗಿಗೆ ಕನ್ನಡ ಓದಲು ಬರುವುದಿಲ್ಲ.