ಮಾವ ಹೇಳದ ಆಮೆನ್

ಲಿಫ್ಟ್ ಮೆಕ್ಯಾನಿಕ್ ಹುಡುಗನಿಗೆ ಜೊತೆ ಕೆಲಸಗಾರರು ಇಟ್ಟಿದ್ದ ಹೆಸರು ಹೌದಪ್ಪ. ಅವನು ಆ ಹೆಸರಿಗೆ ಒಂದು ದಿನವೂ ಮೋಸ ಮಾಡಿದವನಲ್ಲ. ಹಗ್ಗ ಸವೆದಿಲ್ಲ ಎಂದು ಮೇಲ್ವಿಚಾರಕ ಅಂದರೆ ಹೌದು, ಸವೆದಿದೆ ಎಂದು ಕಟ್ಟಡದ ಮಾಲೀಕ ಅಂದರೆ ಅದೂ ಹೌದು. ಭಾನುವಾರ ಯಾವ ಗೆಳೆಯ ಎಳೆದುಕೊಂಡು ಹೋದರೆ ಅದೇ ಅವನ ಚರ್ಚು. ಅಲ್ಲಿ ಎಲ್ಲರಿಗಿಂತ ಮೊದಲು, ಕೆಲವು ಸಲ ಪ್ರಾರ್ಥನೆ ಮುಗಿಯುವುದಕ್ಕೂ ಮೊದಲು, ಆಮೆನ್ ಅನ್ನುವವನೂ ಇವನೇ. ಇಂಥವನು ತನ್ನ ಸೋದರಮಾವನನ್ನು ನೋಡಿ ನಗುತ್ತಿದ್ದ. ಬೆನ್ನುಮೂಳೆ ಇಲ್ಲದವನಿಗೆ ಸೆಟೆದ ಬೆನ್ನು ಕಂಡರೆ ನಗುವಲ್ಲದೆ ಇನ್ನೇನು ಬಂದೀತು?

ಮಾವನದು ತಕ್ಕಡಿ ರಿಪೇರಿ. ಹಿತ್ತಾಳೆಯ ತೂಕಗಳನ್ನು ಬೆರಳಲ್ಲಿ ಮುಟ್ಟಿದರೆ ಬೆವರಿನ ಭಾರ ಸೇರುತ್ತದೆಂದು ಚಿಮಟದಲ್ಲಿ ಎತ್ತುವ ಮನುಷ್ಯ. ಅವರ ಲೂಥರನ್ ಸಭೆಯಲ್ಲಿ ಪಟ್ಟಿಯಲ್ಲಿ ಎಂಬತ್ತು ಹೆಸರು, ಭಾನುವಾರ ಬೆಂಚಿನ ಮೇಲೆ ಮೂವತ್ತು ಜನ. ಉಳಿದ ಚರ್ಚಿನವರೆಲ್ಲ ವರ್ಷಕ್ಕೊಮ್ಮೆ ಸೇರಿ ಆರಾಧನೆ ಮಾಡಿದರೆ ಈ ಮೂವತ್ತು ಜನ ಅತ್ತ ತಲೆ ಹಾಕುತ್ತಿರಲಿಲ್ಲ. ಬೇರೆಯವರು ಇಲ್ಲಿಗೆ ಬಂದರೆ ಹಾಡಬಹುದಿತ್ತು, ಪ್ರಭುಭೋಜನದ ರೊಟ್ಟಿ ಮಾತ್ರ ಸಿಗುತ್ತಿರಲಿಲ್ಲ.

“ಅಲ್ಲ ಮಾವ, ಅವರೂ ಅದೇ ಬೈಬಲ್ ಓದೋದಲ್ವಾ?” ಎಂದು ಹೌದಪ್ಪ ಒಮ್ಮೆ ಕೆಣಕಿದ್ದ.

“ಓದ್ತಾರೆ. ರೊಟ್ಟಿ ಮುರಿದು ಯೇಸು ‘ಇದು ನನ್ನ ದೇಹ’ ಅಂದ ಅಂತ ಅದರಲ್ಲಿದೆ. ನಾವು ದೇಹ ಅಂತೀವಿ, ಅವರು ಬರೀ ಗುರುತು ಅಂತಾರೆ. ಇಬ್ಬರೂ ಪಕ್ಕಪಕ್ಕ ಮಂಡಿ ಊರಿದ್ರೆ ನಮ್ಮ ನಂಬಿಕೆ ಒಂದೇ ಅಂತ ಹೇಳಿದ ಹಾಗಾಯ್ತು. ಸುಳ್ಳಾಯ್ತು.”

“ಸಣ್ಣ ವ್ಯತ್ಯಾಸ ತಾನೆ?”

“ಕಿಲೋಗೆ ಐದು ಗ್ರಾಂ ಕಡಿಮೆ ತೂಗೋ ತಕ್ಕಡೀದೂ ಸಣ್ಣ ವ್ಯತ್ಯಾಸಾನೇ. ಅದು ಸರಿ ಇದೆ ಅಂತ ನಾನು ಬರೆದುಕೊಡಲ್ಲ.”

“ಹೌದು ಮಾವ,” ಎಂದ ಹೌದಪ್ಪ.

ಈ ತಕ್ಕಡಿ ಮನೆಯೊಳಗೂ ಬಂದು ಕೂತಿತ್ತು. ಅತ್ತೆ ಬೇರೆ ಚರ್ಚಿನವರು, ಮದುವೆಯಾದ ಮೇಲೂ ಅಲ್ಲೇ ಉಳಿದವರು. ಮನೆಯಲ್ಲಿ ಹೆಂಡತಿಯ ಜೊತೆ ಪ್ರಾರ್ಥನೆ ಮಾಡಿದರೆ ಏನೂ ಕೆಡುವುದಿಲ್ಲ ಎಂದು ಮಾವನ ಪಾಸ್ಟರೇ ಹೇಳಿದ್ದರು. ಮಾವನಿಗೆ ಅಂದಿನಿಂದ ಆ ಪಾಸ್ಟರ ಮೇಲೂ ಸ್ವಲ್ಪ ಅನುಮಾನ. ಹಾಗಾಗಿ ಊಟದ ಮೇಜಿನಲ್ಲಿ ಇಪ್ಪತ್ತಾರು ವರ್ಷ ಎರಡೆರಡು ಪ್ರಾರ್ಥನೆ ನಡೆದು, ಊಟ ಆರಿ ತಣ್ಣಗಾಗುತ್ತಿತ್ತು. ಮಾವನದು ಮುಗಿದಾಗ ಅತ್ತೆ ಮನಸ್ಸಿಟ್ಟು ಆಮೆನ್ ಅನ್ನುತ್ತಿದ್ದರು. ಅತ್ತೆಯ ಸರದಿ ಬಂದಾಗ ಮಾವ ಕಣ್ಣು ತೆರೆದೇ ಕೂತು ಉಪ್ಪಿನ ಡಬ್ಬಿಯ ತೂಕ ಅಂದಾಜು ಮಾಡುತ್ತಿದ್ದರು.

ಅತ್ತೆಯ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಆಪರೇಷನ್ನಿನ ಹಿಂದಿನ ದಿನ ಅವರು ಗಂಡನನ್ನು ಕೇಳಿದ್ದು ಒಂದೇ ಒಂದು.

“ನಾಳೆ ಬೆಳಿಗ್ಗೆ ನಮ್ಮ ಪಾಸ್ಟರಮ್ಮ ಬರ್ತಾರೆ ರೀ. ಒಂದು ಆಮೆನ್ ಹೇಳಿ, ಸಾಕು. ಇಪ್ಪತ್ತಾರು ವರ್ಷಕ್ಕೆ ಒಂದು.”

ಮಾವ ಅವರ ಮಾತ್ರೆಗಳನ್ನು ಎಣಿಸಿ ಡಬ್ಬಿಗೆ ಹಾಕಿದರು.

ಬೆಳಿಗ್ಗೆ ಪಾಸ್ಟರಮ್ಮ ಆಸ್ಪತ್ರೆಯ ಕೋಣೆಗೆ ಬಂದಾಗ ಹೌದಪ್ಪನೂ ಅಲ್ಲಿದ್ದ. ಮಾವ ಎದ್ದು ಹೊರಗೆ ಹೋದರು. ಬಾಗಿಲ ಸಂದಿಯಿಂದ ಹೌದಪ್ಪ ನೋಡುತ್ತಾನೆ: ವರಾಂಡದಲ್ಲಿ ರೋಗಿಗಳನ್ನು ತೂಗುವ ಯಂತ್ರದ ಮುಂದೆ ಮಹಾಶಯರು ಕುಕ್ಕರುಗಾಲಲ್ಲಿ ಕೂತು ತಿರುಪು ತಿರುವುತ್ತಿದ್ದಾರೆ. ಹೆಂಡತಿಯ ಹೊಟ್ಟೆ ಕೊಯ್ಯುವ ಹೊತ್ತಿನಲ್ಲಿ ಆಸ್ಪತ್ರೆಯ ಮುಳ್ಳು ಸೊನ್ನೆಗೆ ಬರಬೇಕಿತ್ತು ಇವರಿಗೆ. ಹೌದಪ್ಪನ ಮೈ ಉರಿಯಿತು. ಪಾಸ್ಟರಮ್ಮನ ಪ್ರಾರ್ಥನೆ ಮುಗಿದಾಗ ತನ್ನ ಪಾಲಿನದೂ ಮಾವನ ಪಾಲಿನದೂ ಸೇರಿಸಿ ಎರಡು ಸಲ ಆಮೆನ್ ಅಂದ, ಜೋರಾಗಿ.

ಪಾಸ್ಟರಮ್ಮ ಹೋದ ಮೇಲೆ ಅತ್ತೆ ಅವನ ಕಡೆ ತಿರುಗಿದರು. “ಏನು ಪ್ರಾರ್ಥನೆ ಮಾಡಿದ್ರೋ ಅವರು?”

ಹೌದಪ್ಪನ ಕಿವಿ ಅಷ್ಟೂ ಹೊತ್ತು ಆಚೆ ಲಿಫ್ಟಿನ ಕಿರುಗುಟ್ಟುವ ಬೇರಿಂಗಿನ ಮೇಲಿತ್ತು.

“ನೋಡಿದ್ಯಾ? ನಿಂದು ಬೀದೀಲಿ ಹಂಚೋ ಆಮೆನ್ ಕಣೋ. ಅವರದಾಗಿದ್ರೆ ತೂಕ ಇರ್ತಿತ್ತು.”

ಮಾವ ಒಳಗೆ ಬಂದರು. “ಆ ಯಂತ್ರ ಇನ್ನೂರು ಗ್ರಾಂ ಜಾಸ್ತಿ ತೋರಿಸ್ತಿತ್ತು,” ಎಂದು ವರದಿ ಒಪ್ಪಿಸಿ, ತಮ್ಮ ಸಭೆಯ ಪುಸ್ತಕ ಬಿಚ್ಚಿ ರೋಗಿಗಳಿಗಾಗಿ ಇದ್ದ ಪ್ರಾರ್ಥನೆ ಓದಿದರು. ನಡುವೆ ಎರಡು ಕಡೆ ಸಾಲು ತಪ್ಪಿ ಮತ್ತೆ ಓದಿದರು. ಮುಗಿಸಿ ಕಾದರು. ಅತ್ತೆ ಚಾವಣಿ ನೋಡುತ್ತಿದ್ದರು.

“ಮುಗೀತು,” ಅಂದರು ಮಾವ.

“ಗೊತ್ತಾಯ್ತು. ಬೇರೆ ಸಭೆಯವರ ಜೊತೆ ಸೇರಬಾರದಂತಲ್ಲ ರೀ. ಇಷ್ಟು ವರ್ಷ ನಾನೇ ನಿಮ್ಮ ನಿಯಮ ಕೆಡಿಸ್ತಾ ಇದ್ದೆ.”

ಹೌದಪ್ಪ ಅಭ್ಯಾಸಬಲದಿಂದ ಬಾಯಿ ತೆರೆದ.

“ನೀನು ಸುಮ್ನಿರೋ,” ಅಂದರು ಅತ್ತೆ.

ಇಬ್ಬರು ಬಂದು ಅವರನ್ನು ಗಾಲಿಮಂಚಕ್ಕೆ ಎತ್ತಿ ಹಾಕಿ ತಳ್ಳಿಕೊಂಡು ಹೊರಟರು. ಮಾವ ಪುಸ್ತಕದೊಳಗೆ ಬೆರಳು ಸಿಕ್ಕಿಸಿಕೊಂಡೇ ಹಿಂದೆ ಓಡಿದರು. ಲಿಫ್ಟಿನ ಬಾಗಿಲಲ್ಲಿ ಮಂಚದ ಕಂಬಿ ಹಿಡಿದು, “ಅವರು ಏನಂದ್ರೋ ನಾನು ಕೇಳಲಿಲ್ಲ. ಕೇಳದೆ ಆಮೆನ್ ಅನ್ನೋಕಾಗಲ್ಲ ಕಣೆ. ನೀನೇ ಒಂದು ಮಾಡು. ಕೇಳಿಸ್ಕೊತೀನಿ,” ಎಂದರು. ಅದರಲ್ಲೂ ಷರತ್ತು ಇಟ್ಟೇ ಬಿಟ್ಟಿತು ಮುದಿಜೀವ.

“ವಾಪಸ್ ಬಂದ್ಮೇಲೆ ಮಾಡ್ತೀನಿ. ಆಗ ತೂಗಿ ನೋಡಿ,” ಅಂದರು ಅತ್ತೆ. ಬಾಗಿಲು ಮುಚ್ಚಿತು.

ಮಾವ ಬಾಗಿಲ ಮೇಲೆ ಬದಲಾಗುತ್ತಿದ್ದ ಅಂಕಿಗಳನ್ನೇ ನೋಡುತ್ತ ನಿಂತರು. ಎರಡು. ಮೂರು. “ಬರ್ತಾಳೆ ಅಲ್ವೇನೋ?” ಎಂದು ಕೇಳಿದರು.

ಹುಟ್ಟಿದಾಗಿನಿಂದ ಕಂಡಕಂಡವರಿಗೆಲ್ಲ ಹೌದು ಅಂದುಕೊಂಡು ಬಂದಿದ್ದ ನಾಲಿಗೆ ಅದು. ಹೌದಪ್ಪನ ಬಾಯಿಂದ ಇವತ್ತು ಆ ಒಂದು ಮಾತು ಹೊರಗೆ ಬರಲಿಲ್ಲ.