ಉಸಿರು ಬಿಟ್ಟು ಕಾಟಾ ಹತ್ತುತ್ತಿದ್ದ ಪರಸು

ಪರಸು ತೂಕದ ಕಾಟಾ ಹತ್ತುವ ಮೊದಲು ಒಳಗಿನ ಉಸಿರನ್ನೆಲ್ಲ ಹೊರಗೆ ಬಿಡುತ್ತಿದ್ದ. ಬರಿಗಾಲು, ಬರಿಮೈ, ಒಂದು ಚಡ್ಡಿ, ಸೊಂಟಕ್ಕೆ ಬೆಳ್ಳಿಯ ಉಡದಾರ. ಹೊಟ್ಟೆ ಬೆನ್ನಿಗೆ ಹತ್ತುವಷ್ಟು ಉಸಿರು ಬಿಟ್ಟು, ಮತ್ತೆ ಒಳಗೆಳೆದುಕೊಳ್ಳದೆ, ಜೋಳದ ಚೀಲ ತೂಗುವ ಹಲಗೆಯ ಮೇಲೆ ನಿಲ್ಲುತ್ತಿದ್ದ. ಅಪ್ಪ ದಂಡಿಗೆಯ ಮೇಲೆ ಗುಂಡು ಸರಿಸಿ, ಅದು ಮೇಲೆ ಕೆಳಗೆ ಆಡಿ ನಿಲ್ಲುವ ಹೊತ್ತಿಗೆ ಪರಸುವಿನ ಮುಖ ಕೆಂಪಾಗಿರುತ್ತಿತ್ತು. ಅಂಗಡಿಯ ಹಮಾಲರಿಗೆ ಅದೊಂದು ತಮಾಷೆ. "ಏ ಪರಸು, ಖಾಲಿ ಚೀಲದ ತೂಕಾ ಕಳದು ಹೇಳ್ಲೇನು?" ಎಂದು ಕೇಳುತ್ತಿದ್ದರು. ಅವನು ಕೆಳಗಿಳಿದು ಉಸಿರು ತೆಗೆದುಕೊಂಡ ಮೇಲಷ್ಟೇ ನಗುತ್ತಿದ್ದ.

ನಾನು ಇದನ್ನು ದಿನಾ ನೋಡಿದೆ ಎಂದು ಬರೆಯಲು ಕೈ ಹೋಗುತ್ತದೆ. ನೋಡಿರಲಾರೆ. ಆ ಹೊತ್ತಿಗೆ ನಾನು ವಿಮಾನ ನಗರದ ಆಫೀಸಿನ ಬಸ್ಸಿಗೆ ಓಡುತ್ತಿದ್ದೆ. ಬಹುಶಃ ಕೆಲವೇ ಬೆಳಗುಗಳನ್ನು ನೆನಪು ಎಳೆದು ಹಿಗ್ಗಿಸಿಕೊಂಡಿದೆ.

ಪುಣೆಯ ಬಿಬವೇವಾಡಿಯಲ್ಲಿ ಕೆಳಗೆ ನಮ್ಮ ಕಾಳಿನ ಅಂಗಡಿ, ಮೇಲೆ ಮನೆ, ಅದರ ಮೇಲೆ ತಗಡು ಹೊದಿಸಿದ ಒಂದು ಖೋಲಿ. ಆ ಖೋಲಿಗೆ ಅವನು ಬಾಡಿಗೆಗೆ ಬಂದ. ವಿಜಯಪುರದ ಕಡೆಯವನು. ಪೈಲ್ವಾನನಾಗಿದ್ದ ಸೋದರಮಾವನ ಗರಡಿಯಲ್ಲಿ ಬೆಳೆದು, ಕುಸ್ತಿ ಬಿಟ್ಟು ಸೈಕಲ್ಲಿಗೆ ಬಿದ್ದವನು. ಎದೆ, ಭುಜ, ಕತ್ತು ಇನ್ನೂ ಗರಡಿಯವೇ ಆಗಿದ್ದವು. ಪುಣೆಯಲ್ಲಿ ಸಂಬಳ ಕೊಟ್ಟು ಸೈಕಲ್ ಓಡಿಸುವ ಒಂದು ಸಣ್ಣ ತಂಡಕ್ಕೆ ಸೇರಿದ್ದ. ಅಂಗಡಿಯ ಮುಂದೆ ಗಿರಾಕಿಗಳಿಗೆ ಕರೆಂಟಿನ ಕಾಟಾ ಇತ್ತು. ಹಿಂದೆ ಮೂಲೆಗೆ ತಳ್ಳಿದ್ದ ಹಳೆಯದನ್ನು ಹುಡುಕಿ ಒರೆಸಿಕೊಂಡವನು ಪರಸು. "ಕರೆಂಟಿಂದು ಅಂಕಿ ತೋರಸ್ತದರೀ ಕಾಕಾ, ತೂಗೂದಿಲ್ಲ," ಎಂದು ಅಪ್ಪನಿಗೆ ಹೇಳಿದ್ದನಂತೆ.

ತಂಡದಲ್ಲಿ ಅವನ ಕೆಲಸವೇನೆಂದು ಅರ್ಥಮಾಡಿಕೊಳ್ಳಲು ನನಗೆ ಬಹಳ ದಿನ ಬೇಕಾಯಿತು. ಗೆಲ್ಲುವುದು ಅವನ ಕೆಲಸವಲ್ಲ. ಸಪಾಟು ರಸ್ತೆಯಲ್ಲಿ ಮುಂದೆ ಓಡಿ, ಆ ಅಗಲವಾದ ಎದೆಯಿಂದ ಗಾಳಿ ಸೀಳಿ, ಬೆನ್ನ ಹಿಂದಿನವರ ಕಾಲು ಉಳಿಸಿಕೊಡುವುದು. ಹಿಂದೆ ಬರುವ ತಂಡದ ಕಾರಿನ ತನಕ ಹಿಂದೆ ಸರಿದು, ಅಂಗಿಯೊಳಗೆ ನೀರಿನ ಬಾಟಲಿ ತುರುಕಿಕೊಂಡು ಬಂದು ಎಲ್ಲರಿಗೂ ಹಂಚುವುದು. ಅದರಲ್ಲಿ ಅವನಷ್ಟು ಗಟ್ಟಿ ಬೇರೆ ಯಾರೂ ಇರಲಿಲ್ಲ. ಆದರೆ ಘಾಟಿಯ ಏರು ಶುರುವಾದರೆ ಮುಗಿಯಿತು. ಕಾತ್ರಜ ಘಾಟಿಯ ಮೊದಲ ತಿರುವಿನಲ್ಲೇ, ಅವನು ನೀರು ಕುಡಿಸಿದ ಕಡ್ಡಿಯಂಥ ಹುಡುಗರು ಒಬ್ಬೊಬ್ಬರಾಗಿ ಅವನನ್ನು ದಾಟಿ ಹೋಗುತ್ತಿದ್ದರು.

"ಸಪಾಟಿನ್ಯಾಗ ಗಾಳಿ ಕೂಡ ಕುಸ್ತಿ, ಅಕ್ಕಾರ. ಅಲ್ಲಿ ಮೈ ಬೇಕು. ಏರಿನ್ಯಾಗ ನನ್ನ ಕೂಡನ ನಂದು ಕುಸ್ತಿ," ಎಂದು ಒಮ್ಮೆ ನನಗೆ ಹೇಳಿದ್ದ.

ತಂಡ ಹೊರದೇಶದ ಒಂದು ಗುಡ್ಡಗಾಡಿನ ಪಂದ್ಯಕ್ಕೆ ಹೋಗುವುದೆಂದಾಯಿತು. ಒಂದೇ ಜಾಗ ಉಳಿದಿತ್ತು. ಸಿಂಹಗಡ ಕೋಟೆಯ ಏರಿನಲ್ಲಿ ಮೊದಲು ಮೇಲೆ ಮುಟ್ಟಿದವನಿಗೆ ಅದು. ಉಳಿದವರ ಸಂಬಳ ಮುಂದಿನ ವರ್ಷ ಇರುತ್ತದೋ ಇಲ್ಲವೋ ಎಂದು ತಂಡದ ಕೋಚ್ ಖಚಿತವಾಗಿ ಹೇಳಲಿಲ್ಲ. ಹೇಳದೆ ಇದ್ದುದೇ ಪರಸುವಿಗೆ ಸಾಕಾಯಿತು.

ಅಲ್ಲಿಂದ ಅವ್ವನಿಗೂ ಅವನಿಗೂ ಯುದ್ಧ. ಅವನ ಊಟ ನಮ್ಮಲ್ಲೇ. ರೊಟ್ಟಿಯನ್ನು ಚೂರುಚೂರು ಮುರಿದು ತಾಟಿನ ಅಂಚಿನ ಕೆಳಗೆ ಸರಿಸಿ, ತಿಂದವನಂತೆ ಬಾಯಿ ಆಡಿಸುತ್ತಿದ್ದ. ಅವ್ವ ರೊಟ್ಟಿಯ ಕೆಳಮಗ್ಗುಲಿಗೆ ಕಾಣದಂತೆ ಬೆಣ್ಣೆ ಸವರುತ್ತಿದ್ದಳು. ಮರುದಿನ ಕಾಟಾದಿಂದ ಇಳಿದು ನೇರ ಅಡಿಗೆಮನೆಯ ಬಾಗಿಲಿಗೆ ಬರುತ್ತಿದ್ದ.

"ಕಾಕು, ನಿನ್ನಿ ಏನ್ ಹಾಕಿದ್ರಿ?"

"ನಾ ಏನ್ ಹಾಕ್ಲೋ? ನೀರು ಕುಡದಿರಬೇಕು ನೀ," ಎಂದು ಅವ್ವ ಬೆನ್ನು ತಿರುಗಿಸುತ್ತಿದ್ದಳು.

ಮೊದಮೊದಲು ತೂಕ ಇಳಿದದ್ದು ನಿಜಕ್ಕೂ ಫಲ ಕೊಟ್ಟಿತು. ಇದನ್ನು ಮುಚ್ಚಿಟ್ಟರೆ ಅವನಿಗೆ ಮೋಸ ಮಾಡಿದ ಹಾಗೆ. ಹೊಟ್ಟೆ, ಕತ್ತಿನ ಮಡಿಕೆ ಹೋದವು. ಕಾಲಿನ ಬಲ ಅಷ್ಟೇ ಉಳಿಯಿತು. ಅದೇ ಬಲ ಈಗ ಕಡಿಮೆ ಭಾರವನ್ನು ಹೊತ್ತು ಏರುತ್ತಿತ್ತು. ಕಾತ್ರಜದಲ್ಲಿ ಕಡ್ಡಿ ಹುಡುಗರ ಜೊತೆ ಕೊನೆಯ ತನಕ ಬಂದೆ ಎಂದು ಹೇಳಿದ ದಿನ ಅವನ ಕಣ್ಣು ಹೊಳೆಯುತ್ತಿದ್ದವು. ಶೂಗಳ ಲಾಡಿಯ ತುದಿಗಳನ್ನು ಕತ್ತರಿಸಿದ್ದನ್ನು ತೋರಿಸಿ, ಇದೂ ಭಾರನ ಅಲ್ರೀ ಎಂದ.

ಆಮೇಲೆ ಎಲ್ಲಿ ತಿರುಗಿತೋ ನನಗೆ ಗೊತ್ತಿಲ್ಲ. ಅವನಿಗೂ ಗೊತ್ತಾಗಿರಲಿಕ್ಕಿಲ್ಲ. ಕಾಟಾ ಇಳಿಯುತ್ತಲೇ ಇತ್ತು, ಏರು ಮಾತ್ರ ಮತ್ತೆ ಉದ್ದವಾಗತೊಡಗಿತು. ಬೇಸಿಗೆಯಲ್ಲೂ ಚಳಿ ಎನ್ನುತ್ತಿದ್ದ. ಮೆಟ್ಟಿಲ ಮೇಲೆ ಅರ್ಧಕ್ಕೆ ಕೂತುಬಿಡುತ್ತಿದ್ದ. ಹಮಾಲರ ಮಾತಿಗೆ ಸಿಟ್ಟಾಗುತ್ತಿದ್ದ. ಅಪ್ಪ ಒಂದು ದಿನ ಗುಂಡು ಸರಿಸದೆ ಹಾಗೇ ಹಿಡಿದುಕೊಂಡು ಹೇಳಿದ:

"ಚೀಲದಾಗಿನ ಕಸಾ ತಗದ್ರ ಛಲೋ ಪರಸು. ನೀ ಈಗ ಕಾಳು ತಗ್ಯಾಕತ್ತಿ."

ಪರಸು ಉಸಿರು ಬಿಟ್ಟು ನಿಂತಿದ್ದ, ಉತ್ತರ ಕೊಡುವಂತಿರಲಿಲ್ಲ. ಇಳಿದು ಸೀದಾ ಸೈಕಲ್ಲಿನ ಕಡೆ ಹೋದ.

ಸಿಂಹಗಡದ ಪಂದ್ಯದ ಹಿಂದಿನ ಮಧ್ಯಾಹ್ನ ಅವನು ಕಿಟಕಿ ಮುಚ್ಚಿ, ತಗಡಿನ ಕೆಳಗೆ, ಅವ್ವನ ಎರಡು ಕೌದಿ ಹೊದ್ದು ಕೂತಿದ್ದ. ಉಪ್ಪಿನಕಾಯಿ ಕೊಡಲು ಹೋದ ಅವ್ವ ಜ್ವರ ಬಂದಿದೆ ಎಂದುಕೊಂಡಳು. ನೀರು ಕೊಟ್ಟರೆ ಬೇಡವೆಂದ. ಉಡದಾರ ಬಿಚ್ಚಿ ಅವ್ವನ ಕೈಯಲ್ಲಿಟ್ಟ. ಅವನ ತಾಯಿ ಕಟ್ಟಿದ್ದು. ಹಾಗೆ ಬಿಚ್ಚಬಾರದು ಎಂದಳು ಅವ್ವ. ನಾಳೆ ಸಂಜೆ ಕಟ್ಟಿಕೊಳ್ಳುತ್ತೇನೆ ಎಂದ.

ಮಾವನಿಂದ ಕಲಿತದ್ದು ಅದು. ಕುಸ್ತಿಯಲ್ಲಿ ತೂಕದ ವರ್ಗಕ್ಕೆ ಇಳಿಯಬೇಕಾದರೆ ಹೀಗೇ ಮೈ ಒಣಗಿಸುತ್ತಾರೆ: ನೀರು ಬಿಟ್ಟು, ಹೊದ್ದು, ಬೆವರಿ. ತೂಗಿಸಿಕೊಂಡು ಇಳಿದ ಮೇಲೆ ಹೊಟ್ಟೆ ತುಂಬ ಕುಡಿದು ತಿಂದು ಅಖಾಡಕ್ಕೆ ಹೋಗುತ್ತಾರೆ. ಪರಸು ಒಣಗಿದ. ಹಾಗೆಯೇ ಹೋಗಿ ಸೈಕಲ್ ಹತ್ತಿದ.

ಅಪ್ಪ ಮತ್ತು ನಾನು ಸ್ಕೂಟರಿನಲ್ಲಿ ಮುಂಚೆಯೇ ಗಡದ ಮೇಲೆ ಹೋಗಿ ಕಾದೆವು. ಅರ್ಧ ದಾರಿಯ ತನಕ ಪರಸುವೇ ಮುಂದಿದ್ದಾನೆ ಎಂದು ಕೋಚ್‌ನ ಫೋನಿಗೆ ಸುದ್ದಿ ಬಂತು. ಅಪ್ಪ ನನ್ನ ಭುಜ ತಟ್ಟಿದ. ಆಮೇಲೆ ತಿರುವಿನಲ್ಲಿ ಒಂದು ತಲೆ ಕಂಡಿತು. ಅವನಲ್ಲ. ಇನ್ನೊಂದು. ಅದೂ ಅಲ್ಲ. ನಾವು ಇಳಿದು ಹೋದೆವು.

ಮೊಸರಿನ ಗಡಿಗೆ ಇಟ್ಟುಕೊಂಡು ಕೂರುವ ಹೆಂಗಸಿನ ಪಕ್ಕ, ರಸ್ತೆಯ ಅಂಚಿನಲ್ಲಿ ಅವನು ಸಿಕ್ಕ. ಅಪ್ಪನ ಪ್ರಕಾರ ಮಲಗಿದ್ದ. ನನ್ನ ನೆನಪಿನಲ್ಲಿ ಕೂತಿದ್ದಾನೆ, ಒಂದು ಕೈ ಸೈಕಲ್ಲಿನ ಗಾಲಿಯ ಮೇಲೆ. ಮೈಮೇಲೆ ಒಂದು ಹನಿ ಬೆವರಿರಲಿಲ್ಲ, ಇದರಲ್ಲಿ ಮಾತ್ರ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ಆ ಹೆಂಗಸು ಸಣ್ಣ ಗಡಿಗೆಯನ್ನು ಅವನ ತುಟಿಗೆ ಹಿಡಿಯುತ್ತಿದ್ದಳು, ಅವನು ಮುಖ ತಿರುಗಿಸುತ್ತಿದ್ದ.

"ಇನ್ನಾ ಮುಗದಿಲ್ಲ ಅಕ್ಕಾರ. ಮ್ಯಾಲೆ ಹೋಗೂದದ."

ಆಸ್ಪತ್ರೆಯಲ್ಲಿ ಅವನ ಮೂತ್ರ ಚಹಾದ ಕಷಾಯದ ಬಣ್ಣಕ್ಕೆ ತಿರುಗಿತ್ತು. ಕಿಡ್ನಿಗಳಿಗೆ ಹೊಡೆತ ಬಿದ್ದಿದೆ ಎಂದರು. ಮೊದಲಿನಿಂದಲೇ ದುರ್ಬಲವಾಗಿದ್ದಿರಬಹುದು ಎಂದೂ ಅಂದರು. ಹಿಂದಿನ ಮಧ್ಯಾಹ್ನದ ಸಂಗತಿ ಅವ್ವನಿಂದ ತಿಳಿದಾಗ ಕೋಚ್ ಮಂಚದ ಹತ್ತಿರ ಬಗ್ಗಿ, ಬೈಯದೆ, ಮರಾಠಿಯಲ್ಲಿ ಒಂದೇ ಮಾತು ಕೇಳಿದ. ಗಡದ ಬುಡದಲ್ಲಿ ನಿನ್ನನ್ನು ತೂಗುವವರು ಯಾರಿದ್ದರು, ಎಂದು. ಪರಸು ಬಹಳ ಹೊತ್ತು ಯೋಚಿಸಿದ. ನಿಜವಾಗಿಯೂ ಹೆಸರು ನೆನಪು ಮಾಡಿಕೊಳ್ಳುತ್ತಿರುವವನಂತೆ.

ಆಮೇಲೆ ಅವನು ಭೋಸರಿಯಲ್ಲಿ ಕಾರ್ಖಾನೆಯ ಕೆಲಸದಲ್ಲಿದ್ದ ಅಣ್ಣನ ಮನೆಗೆ ಹೋದ. ಕಿಡ್ನಿ ಪೂರ್ತಿ ಸುಧಾರಿಸಲಿಲ್ಲ; ಕೊನೆಗೆ ಡಯಾಲಿಸಿಸ್ ಹತ್ತಿತು. ಸೈಕಲ್ ಏನಾಯಿತೋ ನನಗೆ ಗೊತ್ತಿಲ್ಲ.

ಕೊನೆಯ ಸಲ ಬಂದದ್ದು ಒಂದು ಬೇಸಿಗೆಯ ಮುಂಜಾನೆ. ಕಾಲು ಬಾತಿದ್ದವು, ಚಪ್ಪಲಿಯ ಪಟ್ಟಿ ಬಿಚ್ಚಿತ್ತು. ಆಸ್ಪತ್ರೆಯಲ್ಲಿ ಪ್ರತಿ ಸಲ ತೂಗುತ್ತಾರಂತೆ, ಮೈಯಲ್ಲಿ ಎಷ್ಟು ನೀರು ನಿಂತಿದೆ ಎಂದು ನೋಡಲು. ಅಲ್ಲಿಯದು ಕರೆಂಟಿನ ಕಾಟಾ. ಅದಕ್ಕೇ ಇಲ್ಲಿಗೆ ಬಂದೆ ಎಂದ. ಹಮಾಲರು ಚೀಲಗಳನ್ನು ಬದಿಗೆ ಸರಿಸಿ ದಾರಿ ಬಿಟ್ಟರು. ಅವನು ಉಸಿರು ಬಿಡಲು ನೋಡಿದ, ಕೆಮ್ಮು ಬಂತು. ಅಪ್ಪ ಗುಂಡು ಸರಿಸಿದ. ಮೊದಲ ದಿನ ಬಂದಾಗಿನ ತೂಕವೇ ಇತ್ತು ಎಂದು ಅಪ್ಪ ಇವತ್ತಿಗೂ ಹೇಳುತ್ತಾನೆ. ನನಗೆ ನಂಬಿಕೆಯಿಲ್ಲ. ಹಾಗೆಂದುಕೊಂಡರೆ ಅಪ್ಪನಿಗೆ ಸಮಾಧಾನ, ಅಷ್ಟೇ.

"ಇದೆಲ್ಲಾ ನೀರು, ಕಾಕಾ," ಎಂದ ಪರಸು. ಒಂದು ಕಾಲಕ್ಕೆ ತಾನೇ ಹೊತ್ತು ಹಂಚುತ್ತಿದ್ದುದರ ಬಗ್ಗೆ ಹೇಳುವಂತೆ, ಸಾದಾ ದನಿಯಲ್ಲಿ.

ಅವ್ವ ಮಜ್ಜಿಗೆ ತಂದಳು. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟ. ಇಷ್ಟೇ ಕುಡಿಯಬಹುದಂತೆ. ಅವ್ವ ಒಳಗೆ ಹೋಗಿ ಉಡದಾರ ತಂದು, ತಾನೇ ಅವನ ಸೊಂಟಕ್ಕೆ ಸುತ್ತಿದಳು. ಎರಡು ತುದಿ ಕೂಡಲಿಲ್ಲ. ಎಳೆದು ನೋಡಿದಳು. ನಡುವೆ ನಾಲ್ಕು ಬೆರಳು ಉಳಿಯಿತು.

"ಇರ್ಲಿ ಬಿಡ್ರಿ ಕಾಕು," ಎಂದ. "ತೂಕ ಇಳದ ಮ್ಯಾಲೆ ಬಂದು ಒಯ್ತೀನಿ."

ಮಳೆ ಹಿಡಿದ ಮೇಲೆ ಅವನ ಅಣ್ಣನ ಫೋನ್ ಬಂತು. ಪರಸು ಹೋಗಿಬಿಟ್ಟಿದ್ದ, ಮಣ್ಣು ಊರಲ್ಲೇ ಆಯಿತಂತೆ. ನಮಗೆ ಹೋಗಲಾಗಲಿಲ್ಲ. ಉಡದಾರ ಕಳಿಸುತ್ತೇವೆಂದರೆ, ಅವನ ತಾಯಿ ಬೇಡವೆಂದಳಂತೆ.

ಹಳೆಯ ಕಾಟಾ ಈಗಲೂ ಹಿಂದಿನ ಮೂಲೆಯಲ್ಲಿದೆ. ಈಚೆಗೆ ಒಂದು ಭಾನುವಾರ ನಾನು ಅದರ ಧೂಳು ಒರೆಸಿ ಉಡದಾರವನ್ನು ಹಲಗೆಯ ಮೇಲಿಟ್ಟೆ. ಗುಂಡನ್ನು ಸೊನ್ನೆಗೆ ತಂದು ಕಾದೆ. ದಂಡಿಗೆ ಅಲುಗಲಿಲ್ಲ. ಚೀಲ ತೂಗುವ ಕಾಟಾ ಅದು, ಅಷ್ಟು ಸಣ್ಣ ಭಾರ ಅದಕ್ಕೆ ತಿಳಿಯುವುದಿಲ್ಲ.

ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ತಗಿ ಅದನ್ನ," ಎಂದಳು.